ನಾಲೆಯ ದಾರಿಯಲ್ಲಿ ಎರಡು ದಿನ

ಬೆಂಗಳೂರಿನಿಂದ ಮೈಸೂರಿಗೆ ಹೊರಟ ಪ್ರವಾಸಿ ಬಸ್ಸು ಶ್ರೀರಂಗಪಟ್ಟಣದಲ್ಲಿ ನಿಲ್ಲುವುದು ಹೆಚ್ಚೆಂದರೆ ಎರಡು ಮೂರು ಗಂಟೆ. ರಂಗನಾಥಸ್ವಾಮಿಯ ದರ್ಶನ, ಟಿಪ್ಪುವಿನ ದೇಹ ಸಿಕ್ಕ ಜಾಗದ ಕಲ್ಲಿನ ಮುಂದೆ ಒಂದು ಫೋಟೊ, ದರಿಯಾ ದೌಲತ್ ಬಾಗ್, ಗುಂಬಜ್, ಹೊತ್ತು ಮಿಕ್ಕರೆ ನಿಮಿಷಾಂಬ ಮತ್ತು ಸಂಗಮ. ಮಧ್ಯಾಹ್ನದ ಊಟದ ಹೊತ್ತಿಗೆ ಬಸ್ಸು ಮೈಸೂರು ಸೇರಿರುತ್ತದೆ. ಪಕ್ಕದ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳು ಆ ಪಟ್ಟಿಗೆ ಬರುವುದೇ ಇಲ್ಲ. ಮೇಲುಕೋಟೆಯೊಂದು ವೈರಮುಡಿ ಉತ್ಸವದ ಹೊತ್ತಿಗೆ ಎಲ್ಲರಿಗೂ ನೆನಪಾಗುತ್ತದೆ. ಈ ನಾಲ್ಕು ತಾಲ್ಲೂಕುಗಳಿಗೆ ಶನಿವಾರ, ಭಾನುವಾರ ಎರಡು ದಿನ ಕೊಡಬೇಕು, ಇಲ್ಲೇ ತಂಗಬೇಕು, ಇಲ್ಲಿಯದನ್ನೇ ಉಣ್ಣಬೇಕು ಎಂಬುದು ಇಂದಿನ ಭಾಷಣದಲ್ಲಿ ನಾನು ಮಂಡಿಸುವ ವಾದ. ಊಟವನ್ನು ನೋಟದ ಜೊತೆಗೆ ಕಟ್ಟಲು ಬಲವಾದ ಕಾರಣವಿದೆ. ಇಲ್ಲಿಯ ಕೋಟೆ, ಗುಡಿ, ಕೆರೆಗಳನ್ನು ಹುಟ್ಟಿಸಿದ ನೀರೇ ಇಲ್ಲಿಯ ಅಕ್ಕಿಯನ್ನೂ ಕಬ್ಬನ್ನೂ ಹುಟ್ಟಿಸಿದೆ. ಆ ನೀರು ಏರದ ದಿಣ್ಣೆಗಳು ರಾಗಿಯನ್ನೂ ಅವರೆಯನ್ನೂ ಹುಣಿಸೆಯನ್ನೂ ಕೊಟ್ಟಿವೆ. ಕಲ್ಲನ್ನು ನೋಡಿ ಎಲೆಯನ್ನು ಬಿಟ್ಟು ಹೋದವರಿಗೆ ಈ ಸೀಮೆ ಅರ್ಧ ಮಾತ್ರ ಸಿಗುತ್ತದೆ.

ಮೊದಲು ನೀರಿನಿಂದಲೇ ಹೊರಡೋಣ. ಶ್ರೀರಂಗಪಟ್ಟಣವೆಂದರೆ ಟಿಪ್ಪು ಮಡಿದು ಕೋಟೆ ಬಿದ್ದ 1799ರ ಮೇ 4 ಎಂದು ನಮ್ಮ ಶಾಲೆಯ ಪಾಠಗಳು ಕಲಿಸಿವೆ. ಆದರೆ ಆ ದಿನಕ್ಕೆ ಸುಮಾರು ನೂರೈವತ್ತು ವರ್ಷ ಮೊದಲೇ, 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಕಾವೇರಿಗೆ ಒಡ್ಡು ಹಾಕಿ ಬಂಗಾರದೊಡ್ಡಿ ನಾಲೆಯನ್ನು ತೆಗೆದಿದ್ದರು. ಹೊಳೆಯ ಕವಲಿನ ಮೇಲೆ ಕಲ್ಲಿನ ಮೇಲ್ಗಾಲುವೆ ಕಟ್ಟಿ ನೀರನ್ನು ದ್ವೀಪದೊಳಕ್ಕೆ ತಂದ ಕೆಲಸ ಅದು. ಮುಂದೆ ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಬಂತು. ವಿರಿಜಾ ನಾಲೆಯೂ ಈ ಸಾಲಿನದೇ. ಇವುಗಳಲ್ಲಿ ಇವತ್ತಿಗೂ ನೀರು ಹರಿಯುತ್ತಿದೆ, ಗದ್ದೆಗಳು ಇವತ್ತಿಗೂ ಇವುಗಳನ್ನು ನಂಬಿಕೊಂಡಿವೆ. ಅರಮನೆಯ ಅಡಿಪಾಯ ಮಾತ್ರ ಉಳಿದು, ಮಾಡು ಗೋಡೆಗಳು ಹೋಗಿರುವ ಊರಿನಲ್ಲಿ, ಮುನ್ನೂರು ಚಿಲ್ಲರೆ ವರ್ಷದ ಹಿಂದೆ ತೋಡಿದ ನಾಲೆ ದಿನವೂ ದುಡಿಯುತ್ತಿದೆ ಎಂದರೆ ಯಾವುದನ್ನು ಸ್ಮಾರಕ ಎನ್ನಬೇಕು? ನಾಲೆಗೆ ಫಲಕವಿಲ್ಲ, ಟಿಕೆಟ್ಟಿಲ್ಲ, ವಿವರಿಸಿ ಹೇಳುವ ಮಾರ್ಗದರ್ಶಿಯೂ ಇಲ್ಲ. ಅದಕ್ಕಾಗಿಯೇ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ರಂಗನತಿಟ್ಟಿಗೆ ಹೋಗಿ ದೋಣಿಯಲ್ಲಿ ಕುಳಿತು ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಮೊಸಳೆ ನೋಡುವವರು ಸಾವಿರಾರು. ಆ ತಿಟ್ಟುಗಳು ಆದದ್ದೂ 17ನೆಯ ಶತಮಾನದಲ್ಲಿ ಹೊಳೆಗೆ ಕಟ್ಟಿದ ಒಡ್ಡಿನಿಂದ. ಗದ್ದೆಗೆ ನೀರು ಬೇಕೆಂದು ಕಟ್ಟಿದ ಕಟ್ಟೆ ಹಕ್ಕಿಗಳಿಗೆ ಮನೆಯಾಯಿತು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮ ಮಾಡಿತು. 2022ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ಜೌಗು ನೆಲೆಯಾಯಿತು. ಅಂದರೆ ಪಕ್ಷಿಧಾಮ, ಕೋಟೆ, ಭತ್ತದ ಗದ್ದೆ ಎಂದು ನಾವು ಮೂರು ಬೇರೆ ಖಾತೆಗಳಲ್ಲಿ ಬರೆದುಕೊಂಡಿರುವುದು ಮೂಲದಲ್ಲಿ ಒಂದೇ ಖಾತೆ. ಕನ್ನಂಬಾಡಿಯ ಕಟ್ಟೆಗೂ ಈ ಮಾತು ಸಲ್ಲುತ್ತದೆ. 1911ರಲ್ಲಿ ಶುರುವಾದ ಕೃಷ್ಣರಾಜಸಾಗರದ ಕೆಲಸ ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಅಲ್ಲಿಂದ ಹೊರಟ ವಿಶ್ವೇಶ್ವರಯ್ಯ ನಾಲೆಗಾಗಿ ಹುಲಿಕೆರೆಯ ಬಳಿ ಗುಡ್ಡ ಕೊರೆದು ಸುರಂಗ ಮಾಡಿದರು. ಆ ನೀರು ಬರುವ ಮೊದಲು ಇಂದಿನ ಮಂಡ್ಯ ಸೀಮೆಯ ಬಹುಭಾಗ ರಾಗಿ, ಜೋಳ, ಹುರುಳಿ ಬೆಳೆಯುವ ಬೆದ್ದಲು. ನೀರು ಬಂದ ಮೇಲೆ ಭತ್ತ ಬಂತು, ಕಬ್ಬು ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು, ಆಮೇಲೆ ಪಾಂಡವಪುರದ ಸಹಕಾರಿ ಕಾರ್ಖಾನೆ ಬಂತು. ಕಟ್ಟೆಯ ನೀರು 124.80 ಅಡಿ ಮುಟ್ಟಿತೇ ಎಂದು ಇಲ್ಲಿಯ ಮನೆಮನೆಯಲ್ಲಿ ಮಳೆಗಾಲದುದ್ದಕ್ಕೂ ಕೇಳುತ್ತಾರೆ. ಪ್ರವಾಸಿಗೆ ಅದು ಸಂಜೆಯ ದೀಪ, ಕಾರಂಜಿ; ಊರಿನವರಿಗೆ ಅದು ವರ್ಷದ ಅನ್ನ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಊಟ ಊಟವೇ, ಇತಿಹಾಸ ಇತಿಹಾಸವೇ. ಅನ್ನ ಸಾರಿನ ಮಾತನ್ನು ಕೋಟೆ ಕೊತ್ತಲಗಳ ಮಾತಿಗೆ ಬೆರೆಸುವುದು ಇತಿಹಾಸವನ್ನು ಹಗುರ ಮಾಡಿದಂತೆ ಎಂದು ವಿದ್ವಾಂಸರು ಹೇಳಬಹುದು. ಶ್ರೀರಂಗಪಟ್ಟಣದ ಇತಿಹಾಸವೇ ಇದಕ್ಕೆ ಉತ್ತರ ಕೊಡುತ್ತದೆ. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಸೇನಾನಿ ಕಾರ್ನ್‌ವಾಲಿಸ್ ದೊಡ್ಡ ಸೈನ್ಯದೊಂದಿಗೆ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದಿದ್ದ. ಅರಕೆರೆಯ ಬಳಿ ಕಾದಾಟದಲ್ಲಿ ಮೇಲುಗೈಯನ್ನೂ ಪಡೆದಿದ್ದ. ಆದರೂ ಕೋಟೆಗೆ ಕೈ ಹಾಕಲಾಗಲಿಲ್ಲ. ದವಸ ಮುಗಿದಿತ್ತು, ಮೇವಿಲ್ಲದೆ ಎತ್ತುಗಳು ಸಾಲುಸಾಲಾಗಿ ಸತ್ತವು, ಮಳೆ ಹಿಡಿದಿತ್ತು. ಕೋಟೆ ಒಡೆಯಲು ತಂದ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. 1799ರಲ್ಲಿಯೂ ಇಂಗ್ಲಿಷ್ ಸೇನಾನಿ ಹ್ಯಾರಿಸನ ದಂಡಿನಲ್ಲಿ ಅಕ್ಕಿ ಮುಗಿಯುತ್ತ ಬಂದಿತ್ತು. ಮುಂಗಾರು ಬಂದು ಕಾವೇರಿ ತುಂಬಿಕೊಂಡರೆ ಕೋಟೆಯನ್ನು ಮುಟ್ಟುವಂತಿರಲಿಲ್ಲ. ಆದ್ದರಿಂದಲೇ ಹೊಳೆಯಲ್ಲಿ ನೀರು ಇಳಿದಿದ್ದ ಮೇ ಮೊದಲ ವಾರದಲ್ಲಿ, ಕಾಲ್ನಡಿಗೆಯಲ್ಲಿ ಹೊಳೆ ದಾಟಿ ಏರಿ ಬಂದರು. ಇನ್ನೊಂದು ಕಡೆ, ಹೈದರ್ ಮತ್ತು ಟಿಪ್ಪುವಿನ ದಂಡು ಶತ್ರುಗಳು ಬೆರಗಾಗುವ ವೇಗದಲ್ಲಿ ಓಡಾಡಿದ್ದು ಅಮೃತಮಹಲ್ ಎತ್ತುಗಳ ಬಲದಿಂದ. ಆ ತಳಿಗೆ ಮೂಲವಾದ ಹಳ್ಳಿಕಾರ್ ದನ ಇಂದಿಗೂ ನಾಗಮಂಗಲ ಸೀಮೆಯ ರೈತರ ಹೆಮ್ಮೆ. ಅಕ್ಕಿ, ಮೇವು, ಹೊಳೆಯ ನೀರಿನ ಮಟ್ಟ, ಈ ಮೂರನ್ನು ಬಿಟ್ಟು ಶ್ರೀರಂಗಪಟ್ಟಣದ ಯುದ್ಧಗಳನ್ನು ವಿವರಿಸಲು ಬರುವುದಿಲ್ಲ. ಕೋಟೆ ಬಿದ್ದ ಮರುವರ್ಷವೇ, 1800ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯ ಮೇಲೆ ಇಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆಗಳ ಬಗ್ಗೆ ಬರೆಯುವಾಗ ನಾಲೆ, ಕೆರೆ, ಗದ್ದೆ, ಬೆದ್ದಲುಗಳಿಗೆ ಪುಟಗಟ್ಟಲೆ ಜಾಗ ಕೊಟ್ಟ. ನಾಡನ್ನು ಆಳಲು ಬಂದವರಿಗೆ ಏನು ನೋಡಬೇಕೆಂದು ಗೊತ್ತಿತ್ತು.

ಹೊರಗಿನ ಒಂದು ಊರಿನ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಇಂಗ್ಲೆಂಡಿನ ಯಾರ್ಕ್ ನಗರ ಶ್ರೀರಂಗಪಟ್ಟಣದಂತೆಯೇ ಕೋಟೆ ಗೋಡೆಯ ಊರು, ಹೊಳೆಯ ದಂಡೆಯ ಊರು, ದೊಡ್ಡ ದೇವಾಲಯದ ಊರು. ಅಲ್ಲಿಗೆ ವಾರದ ಕೊನೆಗೆ ಬಂದವರು ಕೋಟೆ ಗೋಡೆಯ ಮೇಲೆಯೇ ಮೂರು ಕಿಲೋಮೀಟರಿಗೂ ಹೆಚ್ಚು ದೂರ ನಡೆಯುತ್ತಾರೆ. ಶಾಂಬಲ್ಸ್ ಎಂಬ ಇಕ್ಕಟ್ಟಾದ ಬೀದಿಗೆ ಹೋಗುತ್ತಾರೆ. ಅದು ಒಂದು ಕಾಲದ ಕಟುಕರ ಬೀದಿ, ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳೂ ಅಂಗಡಿಯ ಕಿಟಕಿ ಹಲಗೆಗಳೂ ಅಲ್ಲಿ ಕೆಲವು ಕಡೆ ಇನ್ನೂ ಇವೆ. ರೌನ್‌ಟ್ರೀ ಮತ್ತು ಟೆರಿ ಮನೆತನಗಳು ಆ ಊರನ್ನು ಚಾಕಲೇಟಿನ ಊರು ಮಾಡಿದವು, ಆ ಕಥೆಯನ್ನು ಹೇಳಲಿಕ್ಕೆಂದೇ ಒಂದು ಪ್ರದರ್ಶನಶಾಲೆ ಇದೆ. ರೋಮನರ ಕೋಟೆ, ವೈಕಿಂಗರ ಮನೆ, ಚಾಕಲೇಟ್ ಕಾರ್ಖಾನೆ, ಕಟುಕರ ಬೀದಿ ಎಲ್ಲವೂ ಅಲ್ಲಿ ಒಂದೇ ಊರಿನ ಕಥೆ. ಯಾರ್ಕ್‌ನಲ್ಲಿ ಕೊಕೊ ಬೆಳೆಯುವುದಿಲ್ಲ. ನಮ್ಮಲ್ಲಿ ಕಬ್ಬು ರಸ್ತೆಯ ಪಕ್ಕದಲ್ಲೇ ಬೆಳೆದು, ರಸ್ತೆಯ ಪಕ್ಕದಲ್ಲೇ ಬೆಲ್ಲವಾಗುತ್ತದೆ. ಬೆಲ್ಲದ ಕಥೆ ಹೇಳುವ ಒಂದು ಕೊಠಡಿಯೂ ನಮ್ಮ ಪ್ರವಾಸಿ ನಕ್ಷೆಯಲ್ಲಿ ಕಾಣುವುದಿಲ್ಲ. ಶ್ರೀರಂಗಪಟ್ಟಣ ದ್ವೀಪದ ಸ್ಮಾರಕಗಳು 2014ರಿಂದ ಯುನೆಸ್ಕೊದ ಸಂಭಾವ್ಯ ಪಟ್ಟಿಯಲ್ಲಿವೆ. ಅವು ಅಂತಿಮ ಪಟ್ಟಿಗೆ ಏರಬೇಕೆಂಬ ಆಸೆ ನಮಗೆಲ್ಲ ಇದೆ, ಆದರೆ ಅಲ್ಲಿಗೆ ಬರುವವರಿಗೆ ಮಧ್ಯಾಹ್ನ ಏನು ಬಡಿಸಬೇಕೆಂಬ ಯೋಚನೆ ಇನ್ನೂ ಹುಟ್ಟಿಲ್ಲ.

ಪಾಂಡವಪುರದ ಕಡೆಯ ಒಂದು ಆಲೆಮನೆಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ನಾಲೆಯ ನೀರು ತಟ್ಟೆಗೆ ಬರುವ ಕೊನೆಯ ಹಂತ ಕಣ್ಣೆದುರೇ ನಡೆಯುತ್ತದೆ. ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಒಲೆಗೆ ಸೌದೆ ಬೇಕಿಲ್ಲ, ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆಯೇ ಉರುವಲು. ಕಾದಂತೆ ಮೇಲೆ ಬರುವ ಮಡ್ಡಿಯನ್ನು ಜಾಲರಿಯಲ್ಲಿ ತೆಗೆಯುತ್ತಲೇ ಇರಬೇಕು. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ಕಟ್ಟಿಸುವುದು ಹಳೆಯ ಪದ್ಧತಿ. ಪಾಕದ ಹದವನ್ನು ನೋಡುವವನು ಚಿಟಿಕೆಯಷ್ಟು ತೆಗೆದು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆಯಾಗುತ್ತದೆಯೇ ಎಂದು ನೋಡುತ್ತಾನೆ. ಒಂದು ನಿಮಿಷ ಮೊದಲೆತ್ತಿದರೆ ಬೆಲ್ಲ ಗಟ್ಟಿಯಾಗದು, ಒಂದು ನಿಮಿಷ ತಡವಾದರೆ ಸೀದು ಹೋಗುತ್ತದೆ. ಆಮೇಲೆ ಮರದ ತೊಟ್ಟಿಗೆ ಸುರಿದು, ಅಚ್ಚಿಗೆ ತುಂಬುತ್ತಾರೆ. ತಿಳಿ ಹಳದಿಯ ಬೆಲ್ಲ ಚೆಂದವೆಂದು ಪೇಟೆಯವರು ಕೇಳುವುದರಿಂದಲೇ ರಾಸಾಯನಿಕ ಸುರಿಯುವ ಚಾಳಿ ಬೆಳೆದದ್ದು. ಕಪ್ಪು ಕಂದು ಬಣ್ಣದ ಬೆಲ್ಲವನ್ನು ಆಲೆಮನೆಯಲ್ಲೇ ಕೇಳಿ ಕೊಳ್ಳುವ ನಾಲ್ಕು ಜನ ಪ್ರವಾಸಿಗಳು ಬಂದರೆ, ರಾಸಾಯನಿಕವಿಲ್ಲದೆ ಬೆಲ್ಲ ತೆಗೆಯುವವನಿಗೆ ಅದು ದೊಡ್ಡ ಆಸರೆ. ಆಲೆಮನೆಗಳು ಒಂದೊಂದಾಗಿ ಮುಚ್ಚುತ್ತಿರುವ ಈ ಹೊತ್ತಿನಲ್ಲಿ ಪ್ರವಾಸೋದ್ಯಮ ರೈತನ ಕೈಗೆ ನೇರವಾಗಿ ತಲುಪುವ ದಾರಿ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

ಇನ್ನು ಮೇಲುಕೋಟೆ. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇರೆಯಿಲ್ಲ. ಪಾಂಡವಪುರದಿಂದ ಹೊರಟರೆ ಕುಂತಿ ಬೆಟ್ಟ ಕಳೆದು ತೊಣ್ಣೂರು ಸಿಗುತ್ತದೆ. ರಾಮಾನುಜಾಚಾರ್ಯರ ನೆನಪು, ನಂಬಿನಾರಾಯಣನ ಗುಡಿ, ಮೋತಿ ತಲಾಬ್ ಎಂಬ ಹೆಸರನ್ನೂ ಪಡೆದ ಆ ತಿಳಿನೀರಿನ ದೊಡ್ಡ ಕೆರೆ ಅಲ್ಲಿವೆ. ಅಲ್ಲಿಂದ ಮೇಲಕ್ಕೆ ಹತ್ತಿದರೆ ಯದುಗಿರಿ, ಅಂದರೆ ಮೇಲುಕೋಟೆ. ಚೆಲುವನಾರಾಯಣನ ಗುಡಿ, ಕಲ್ಯಾಣಿ, ಯೋಗನರಸಿಂಹನ ಬೆಟ್ಟ, ಮುಗಿಯದೆ ಉಳಿದ ರಾಯಗೋಪುರ ಎಲ್ಲವನ್ನೂ ಜನ ನೋಡಿಯೇ ನೋಡುತ್ತಾರೆ. ನೋಡಿ ಇಳಿದ ಮೇಲೆ ಬೀದಿಯ ಅಂಗಡಿಯಲ್ಲಿ ಪುಳಿಯೋಗರೆ ತಿನ್ನುತ್ತಾರೆ, ರುಚಿಯಾಗಿದೆ ಎನ್ನುತ್ತಾರೆ, ಗೊಜ್ಜಿನ ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಾರೆ. ಆ ಗೊಜ್ಜಿನಲ್ಲಿ ಏನೇನಿದೆ ಎಂದು ಸ್ವಲ್ಪ ಬಿಡಿಸಿ ನೋಡೋಣ. ಹುಣಿಸೆ, ಎಳ್ಳು, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಕೊಬ್ಬರಿ ಇವು ಮೇಲುಕೋಟೆಯಿಂದ ನಾಗಮಂಗಲದವರೆಗೆ ಹಬ್ಬಿದ ಬೆದ್ದಲಿನ, ಬೇಲಿಯ, ತೋಟದ ಸರಕು. ಅಕ್ಕಿ ಮತ್ತು ಬೆಲ್ಲ ಕೆಳಗಿನ ನಾಲೆಯ ಸೀಮೆಯವು. ಮೆಣಸು ಘಟ್ಟದಿಂದ ಇಳಿದು ಬಂದದ್ದು. ನೀರುಂಟಾದ ನೆಲವೂ ನೀರಿಲ್ಲದ ನೆಲವೂ ಬೆಟ್ಟದ ಮೇಲೆ ಕೂಡಿದ್ದರಿಂದ ಆದ ಅಡುಗೆ ಅದು. ಕುದಿಸಿ ಎಣ್ಣೆ ಬಿಡಿಸಿದ ಗೊಜ್ಜು ವಾರಗಟ್ಟಲೆ ಕೆಡುವುದಿಲ್ಲ, ಕಲಸಿದ ಅನ್ನ ಮರುದಿನಕ್ಕೂ ನಿಲ್ಲುತ್ತದೆ. ದೂರದಿಂದ ನಡೆದು ಬಂದು ನಡೆದೇ ಹೋಗಬೇಕಾಗಿದ್ದ ಯಾತ್ರಿಕರಿಗೆ ಕೊಡುವ ಪ್ರಸಾದ ಹೀಗೆ ಕೆಡದೆ ಇರಬೇಕಿತ್ತು. ಗುಡಿಯ ಇತಿಹಾಸ, ಯಾತ್ರೆಯ ಇತಿಹಾಸ, ಬೇಸಾಯದ ಇತಿಹಾಸ ಮೂರೂ ಆ ಎಲೆಯ ಮೇಲಿವೆ. ಇದನ್ನು ತಿಳಿದು ತಿಂದವರು ಮತ್ತೊಮ್ಮೆ ಬೆಟ್ಟ ಹತ್ತಿ ಕೆಳಗೆ ನೋಡಿದರೆ, ಒಂದು ಕಡೆ ಹಸಿರು, ಒಂದು ಕಡೆ ಕೆಂಪು ಮಣ್ಣು ಯಾಕೆ ಹಾಗೆ ಹರಡಿದೆ ಎಂದು ತಾವೇ ಹೇಳಬಲ್ಲರು.

ಆ ಕೆಂಪು ಮಣ್ಣಿನ ಕಡೆಗೆ ಎರಡನೆಯ ದಿನವನ್ನು ಮೀಸಲಿಡಬೇಕು. ಕೆ.ಆರ್. ಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 13ನೆಯ ಶತಮಾನದ ಹೊಯ್ಸಳ ಕೆಲಸ. ಮೂರು ಗರ್ಭಗುಡಿ, ನಕ್ಷತ್ರದ ಮೂಲೆಗಳ ಜಗತಿ, ಕೆಳಗಿನಿಂದ ಆನೆ, ಕುದುರೆ, ಬಳ್ಳಿ, ರಾಮಾಯಣ ಮಹಾಭಾರತದ ಕಥೆ, ಮಕರ, ಹಂಸ ಎಂದು ಸಾಲುಸಾಲಾಗಿ ಏರುವ ಪಟ್ಟಿಕೆಗಳು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ನಾಡೆಲ್ಲ ಸಂತೋಷಪಟ್ಟಿತು. ಹೊಸಹೊಳಲಿನ ಕಲ್ಲಿನ ಕೆಲಸ ಅವುಗಳ ಪಕ್ಕದಲ್ಲಿ ನಿಲ್ಲಲು ಅಂಜಬೇಕಾದದ್ದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವೆ ನಾಯಕಿತಿ. ಕಟ್ಟಿಸಿದ ಹೆಂಗಸಿನ ಹೆಸರು ಉಳಿದಿರುವ ಗುಡಿಗಳು ಎಷ್ಟಿವೆ ಎಂದು ಯೋಚಿಸಿದರೆ ಇದರ ಬೆಲೆ ತಿಳಿಯುತ್ತದೆ. ಕವಿ ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ್ದೂ ಈ ಊರಿನಲ್ಲೇ. ಗೋವಿಂದನಹಳ್ಳಿಯಲ್ಲಿ ಐದು ಗರ್ಭಗುಡಿಗಳ ಪಂಚಲಿಂಗೇಶ್ವರ ಇದ್ದಾನೆ. ನಾಗಮಂಗಲದಲ್ಲಿ ಸೌಮ್ಯಕೇಶವ, ಬಿಂಡಿಗನವಿಲೆಯ ಹತ್ತಿರ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಮತ್ತು ಅದರ ಮುಂದಿನ ಎತ್ತರದ ಕಂಬ ಇವೆ. ಹೇಮಾವತಿಗೆ ಮಂದಗೆರೆ, ಹೇಮಗಿರಿಗಳಲ್ಲಿ ಹಾಕಿದ ಹಳೆಯ ಅಣೆಗಳಿಂದ ಕೆ.ಆರ್. ಪೇಟೆಯ ಒಂದು ಭಾಗಕ್ಕೆ ನೀರುಂಟು. ನಾಗಮಂಗಲ ಮಾತ್ರ ಬಹುಕಾಲ ಕೆರೆಯನ್ನೂ ಮಳೆಯನ್ನೂ ನಂಬಿ ಬದುಕಿದ ತಾಲ್ಲೂಕು.

ಹಾಗೆ ಬದುಕಿದ್ದರಿಂದಲೇ ಅಲ್ಲಿ ರಾಗಿಯೇ ರಾಜ. ಮುದ್ದೆಯ ಜೊತೆಗೆ ಬರುವ ಉಪ್ಸಾರನ್ನು ನೋಡಿ. ಹುರುಳಿಯನ್ನೋ ಅವರೆಯನ್ನೋ ತೊಗರಿಯನ್ನೋ, ಜೊತೆಗೆ ಸಿಕ್ಕಿದ ಸೊಪ್ಪನ್ನು, ಬರಿಯ ಉಪ್ಪು ನೀರಿನಲ್ಲಿ ಬೇಯಿಸುತ್ತಾರೆ. ಬಸಿದ ಕಟ್ಟೇ ಸಾರು. ಬಸಿದು ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಿಸೆ ಸೇರಿಸಿ ಕಲ್ಲಿನಲ್ಲಿ ನುಣ್ಣಗೆ ಅರೆದ ಖಾರವನ್ನು ತಟ್ಟೆಯ ಅಂಚಿಗೆ ಇಟ್ಟುಕೊಂಡು, ಬೇಕಾದಷ್ಟು ಬೆರೆಸಿಕೊಂಡು ಉಣ್ಣುವುದು. ಒಂದೇ ಪಾತ್ರೆಯಲ್ಲಿ, ಒಂದೇ ಒಲೆಯಲ್ಲಿ, ಒಂದು ತೊಟ್ಟೂ ನೀರು ಚೆಲ್ಲದೆ ಎರಡು ಪದಾರ್ಥ. ನೀರಿಗೂ ಸೌದೆಗೂ ಬೆಲೆಯಿದ್ದ ನೆಲದಲ್ಲಷ್ಟೇ ಇಂಥ ಅಡುಗೆ ಇಷ್ಟು ಹದಕ್ಕೆ ಬರುತ್ತದೆ. ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವಿಶ್ವೇಶ್ವರಯ್ಯ ನಾಲೆ ಬಂದು ಸುತ್ತಲೂ ಭತ್ತವಾದ ಮೇಲೂ ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣಗಳ ಹಳ್ಳಿಗಳಲ್ಲಿ ಮುದ್ದೆ ಹೋಗಲಿಲ್ಲ. ಗದ್ದೆಯಲ್ಲಿ ಅಕ್ಕಿ ಬೆಳೆಯುವವನು ಮನೆಯಲ್ಲಿ ಮುದ್ದೆ ಉಣ್ಣುತ್ತಾನೆ. ನಾಲೆಗಿಂತ ಮುಂಚಿನ ಮಂಡ್ಯ ಸೀಮೆ ಹೇಗಿತ್ತು ಎಂಬುದಕ್ಕೆ ದಿನಕ್ಕೆರಡು ಬಾರಿ ಪ್ರತಿ ಮನೆಯಲ್ಲಿ ಬರೆಯುವ ದಾಖಲೆ ಅದು. ಹೊಲದ ಚಹರೆ ಒಂದು ತಲೆಮಾರಿನಲ್ಲಿ ಬದಲಾಗಬಹುದು. ನಾಲಿಗೆ ಬದಲಾಗಲು ಇನ್ನೂ ಹೆಚ್ಚು ಕಾಲ ಬೇಕು. ಹಳೆಯ ಬೇಸಾಯವನ್ನು ತಿಳಿಯಬೇಕೆನ್ನುವವರಿಗೆ ಶಾಸನದಷ್ಟೇ ಊಟವೂ ಆಧಾರವಾಗುವುದು ಈ ಕಾರಣಕ್ಕೆ.

ವ್ಯವಹಾರ ಬಲ್ಲವರ ಆಕ್ಷೇಪಣೆಗಳು ಬೇರೆ. ಉಪ್ಸಾರು, ಮಸ್ಸೊಪ್ಪು, ಹಿತಕಿದ ಬೇಳೆ ಇವೆಲ್ಲ ಮನೆಯ ಅಡುಗೆ, ಹೋಟೆಲಿನಲ್ಲಿ ಎಲ್ಲಿ ಸಿಗುತ್ತವೆ ಎನ್ನುತ್ತಾರೆ. ಮಾತಿನಲ್ಲಿ ಸತ್ಯವಿದೆ. ಹೆದ್ದಾರಿಯ ಹೋಟೆಲುಗಳ ಪಟ್ಟಿಯಲ್ಲಿ ಗೋಬಿ ಮಂಚೂರಿಯೂ ಉತ್ತರ ಭಾರತದ ಊಟವೂ ಮೇಲೆ, ಮುದ್ದೆ ಇದ್ದರೆ ಕೆಳಗೆ. ಆದರೆ ತಾಲ್ಲೂಕು ಕೇಂದ್ರಗಳ ಒಳಬೀದಿಗಳಲ್ಲಿ ಮುದ್ದೆ ಊಟದ ಮೆಸ್ಸುಗಳೂ ಮಿಲಿಟರಿ ಹೋಟೆಲುಗಳೂ ಇಲ್ಲದಿಲ್ಲ. ಕೋರ್ಟಿಗೆ, ಸಂತೆಗೆ, ತಾಲ್ಲೂಕು ಕಚೇರಿಗೆ ಬಂದ ರೈತರು ಉಣ್ಣುವುದು ಅಲ್ಲಿಯೇ. ನಾಟಿಕೋಳಿ ಸಾರು, ತಲೆಮಾಂಸ, ಬೋಟಿ ಗೊಜ್ಜು ಕೈಗೆಟುಕುವ ಬೆಲೆಗೆ ಸಿಗುವುದೂ ಅಲ್ಲಿಯೇ. ಮೇಲುಕೋಟೆಯ ಬೀದಿಯಲ್ಲಿ ಅಲ್ಲಿಯ ನಡವಳಿಕೆಗೆ ತಕ್ಕ ಊಟ, ಪಾಂಡವಪುರದಲ್ಲಿ ಬಾಡೂಟ, ಶ್ರೀರಂಗಪಟ್ಟಣದಲ್ಲಿ ತಲೆಮಾರುಗಳಿಂದ ನೆಲೆಸಿರುವ ಮುಸ್ಲಿಂ ಮನೆತನಗಳ ಅಡುಗೆ, ಎಲ್ಲವೂ ಈ ಸೀಮೆಯದೇ. ಒಂದನ್ನು ಮೇಲು, ಒಂದನ್ನು ಕೀಳು ಮಾಡಿ ಪ್ರವಾಸಿ ನಕ್ಷೆಯಿಂದ ಯಾವುದನ್ನೂ ಅಳಿಸಬಾರದು. ಇನ್ನು ಮನೆಯಡುಗೆಯನ್ನೇ ಬಡಿಸಬೇಕೆಂದರೆ, ಪ್ರತಿ ಹಳ್ಳಿಯಲ್ಲಿರುವ ಮಹಿಳಾ ಸ್ವಸಹಾಯ ಸಂಘಗಳಿಗೆ ಶನಿವಾರ, ಭಾನುವಾರ ಮೊದಲೇ ಹೇಳಿದ ಇಪ್ಪತ್ತು ಮೂವತ್ತು ಎಲೆ ಹಾಕುವುದು ಭಾರವಾಗದು. ಬೇಕಾದದ್ದು ಒಂದು ಶುಚಿಯಾದ ಜಗಲಿ, ಒಂದು ಫೋನ್ ನಂಬರು, ದರದ ಒಂದು ಬೋರ್ಡು.

ತಂಗಲು ಜಾಗವೆಲ್ಲಿ, ಹೊತ್ತೆಲ್ಲಿ ಎಂಬುದು ಮತ್ತೊಂದು ಪ್ರಶ್ನೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮೂರು ಗಂಟೆಯ ಹಾದಿ ಒಂದೂವರೆ ಗಂಟೆಯದಾಯಿತು. ಊರುಗಳ ಹೊರಗೇ ಹಾದುಹೋಗುವ ಆ ರಸ್ತೆಯಿಂದ ರಾಮನಗರದಿಂದ ಶ್ರೀರಂಗಪಟ್ಟಣದವರೆಗೆ ಹೋಟೆಲಿನವರಿಗೂ ಗೊಂಬೆಯ ಅಂಗಡಿಯವರಿಗೂ ಎಳನೀರು ಮಾರುವವರಿಗೂ ವ್ಯಾಪಾರ ಕುಸಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ನಿಂತು ಹೋಗುತ್ತಿದ್ದವರು ಈಗ ನಿಲ್ಲುವುದಿಲ್ಲ. ಇದೇ ಸಂಗತಿಯನ್ನು ಬೇರೆ ಮಗ್ಗುಲಿನಿಂದ ನೋಡಬೇಕೆಂದು ನಾನು ಹೇಳುತ್ತೇನೆ. ದಾರಿಯಲ್ಲಿ ಉಳಿದ ಒಂದೂವರೆ ಗಂಟೆ ಪ್ರವಾಸಿಯ ಜೇಬಿನಲ್ಲಿದೆ, ಅದನ್ನು ಕೊಡಲು ಅವನಿಗೆ ಒಂದು ಕಾರಣ ಬೇಕು. ಹಾದಿಯ ತಿಂಡಿಗೆ ಇನ್ನು ಯಾರೂ ಇಳಿಯರು. ಊರನ್ನೇ ಗುರಿ ಮಾಡಿಕೊಂಡು ಬರುವಂತೆ ಆಗಬೇಕು. ಕಾರು ಇಲ್ಲದವರಿಗೂ ದಾರಿಯಿದೆ. ಶ್ರೀರಂಗಪಟ್ಟಣ, ಪಾಂಡವಪುರಗಳು ಬೆಂಗಳೂರು ಮೈಸೂರು ರೈಲು ಹಾದಿಯಲ್ಲಿವೆ. ಅಕ್ಕಿಹೆಬ್ಬಾಳು, ಮಂದಗೆರೆ ಮೈಸೂರು ಅರಸೀಕೆರೆ ಹಾದಿಯಲ್ಲಿವೆ. ನಾಗಮಂಗಲ ತಾಲ್ಲೂಕಿಗೆ ಹಾಸನದ ಹಾದಿಯ ಬಿ.ಜಿ. ನಗರ ನಿಲ್ದಾಣವಿದೆ. ಕೊರತೆಯಿರುವುದು ಈ ನಾಲ್ಕು ತಾಲ್ಲೂಕುಗಳನ್ನು ಒಂದಕ್ಕೊಂದು ಬೆಸೆಯುವ ಬಸ್ಸಿನದು. ಶನಿವಾರ, ಭಾನುವಾರ ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆ, ನಾಗಮಂಗಲ, ಕೆ.ಆರ್. ಪೇಟೆ ಸುತ್ತುವ ಎರಡು ಬಸ್ಸುಗಳನ್ನು ಸಾರಿಗೆ ಸಂಸ್ಥೆ ಓಡಿಸಿದರೆ ತಂಗುವ ಮನೆಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ.

ಜನ ಹೆಚ್ಚಾದರೆ ಕಸ ಹೆಚ್ಚಾಗುತ್ತದೆ, ಸಂಗಮದ ಗತಿ ನೋಡಿ ಎನ್ನುವವರ ಮಾತು ನನಗೆ ಇವೆಲ್ಲಕ್ಕಿಂತ ಭಾರವಾಗಿ ಕಾಣುತ್ತದೆ. ಸಂಗಮದಲ್ಲಿ, ಗಂಜಾಂನ ಹೊಳೆ ದಂಡೆಯಲ್ಲಿ ಬಟ್ಟೆ, ಪ್ಲಾಸ್ಟಿಕ್, ಪೂಜೆಯ ಸಾಮಾನು ಕೊಳೆಯುತ್ತಿರುವುದನ್ನು ನೋಡಿದ ಯಾರಿಗೂ ಇನ್ನಷ್ಟು ಜನ ಬರಲಿ ಎನ್ನಲು ಬಾಯಿ ಬಾರದು. ಆದರೆ ಈ ಕಸ ಯಾರದು? ಒಂದು ಗಂಟೆಗೆ ಬಂದು, ಕಾಲು ತೊಳೆದು, ಕವರು ಬಿಸಾಡಿ, ಬಸ್ಸು ಹತ್ತುವವರದು. ಅವರಿಗೆ ಊರಿನವರ ಪರಿಚಯವಿಲ್ಲ, ಊರಿನವರಿಗೆ ಅವರಿಂದ ಹುಟ್ಟುವಳಿಯಿಲ್ಲ. ಒಂದು ಮನೆಯಲ್ಲಿ ತಂಗಿ, ಅವರ ಜಗಲಿಯಲ್ಲಿ ಉಂಡು, ಈ ನೀರೇ ಆ ಗದ್ದೆಗೆ ಹೋಗುತ್ತದೆ ಎಂದು ಅವರ ಬಾಯಿಂದಲೇ ಕೇಳಿದವನು ಅದೇ ನಾಲೆಗೆ ಬಾಟಲಿ ಎಸೆಯುವ ಮೊದಲು ಎರಡು ಬಾರಿ ಯೋಚಿಸುತ್ತಾನೆ. ನನಗೆ ಬೇಕಾದದ್ದು ಹೆಚ್ಚು ಜನರಲ್ಲ, ಹೆಚ್ಚು ಹೊತ್ತು. ಸ್ಮಾರಕಗಳಿಗೂ ಹೊತ್ತೇ ಬೇಕು. ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಸುತ್ತಲೂ ಕುದುರೆಗಳ ಸಾಲು, ಮದ್ದಿನ ಬಂಡಿ ಸಿಡಿದ ಹೊಗೆ, ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕುಳಿತ ಇಂಗ್ಲಿಷ್ ದಂಡಿನ ಕರ್ನಲ್ ಬೇಲಿ. ನಡೆಯುತ್ತ ಹೋದವರಿಗೆ ಅದು ಬಣ್ಣದ ಗೋಡೆ. ಆ ಬೆರಳನ್ನು ಹುಡುಕಿ ಕಾಣಬೇಕಾದರೆ ಕಾಲು ಗಂಟೆ ನಿಲ್ಲಬೇಕು.

ಕಾಲದ ಬಗ್ಗೆಯೂ ಒಂದು ಮಾತು. ಡಿಸೆಂಬರ್‌ನಿಂದ ಸಂಕ್ರಾಂತಿಯವರೆಗಿನ ವಾರಗಳು ಈ ಪ್ರವಾಸಕ್ಕೆ ಹೇಳಿ ಮಾಡಿಸಿದವು. ಭತ್ತದ ಕೊಯ್ಲು ಮುಗಿದಿರುತ್ತದೆ, ಆಲೆಮನೆಗಳಲ್ಲಿ ಹೊಗೆಯಾಡುತ್ತಿರುತ್ತದೆ, ಸೊಗಡಿನ ಅವರೆಕಾಯಿ ಸಂತೆಗೆ ಬಂದಿರುತ್ತದೆ, ಬೆಟ್ಟ ಹತ್ತಲು ಬಿಸಿಲು ಕಾಡುವುದಿಲ್ಲ. ಗಂಜಾಂನ ಅಂಜೂರ ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತು, ಆ ತೋಟಗಳು ಇಂದು ಬಹಳ ಕಡಿಮೆಯಾಗಿವೆ. ಕೇಳುವವರಿಲ್ಲದೆ ಹೋದ ಬೆಳೆಗೆ ಏನಾಗುತ್ತದೆ ಎಂಬುದಕ್ಕೆ ಅದೊಂದು ಉದಾಹರಣೆ ಸಾಕು. ರಾಜಮುಡಿ ಅಕ್ಕಿಗೂ, ಆಲೆಮನೆಯ ಕಪ್ಪು ಬೆಲ್ಲಕ್ಕೂ, ಕಲ್ಲಿನಲ್ಲಿ ಅರೆದ ಖಾರಕ್ಕೂ ಆ ಗತಿ ಬರಬಾರದು. ಆದ್ದರಿಂದ ಕೇಳುಗರೇ, ಈ ಚಳಿಗಾಲದಲ್ಲಿ ಮೈಸೂರಿಗೆ ಟಿಕೆಟು ತೆಗೆಯುವ ಮೊದಲು ಒಮ್ಮೆ ಯೋಚಿಸಿ. ಶುಕ್ರವಾರ ಸಂಜೆಯೇ ಹೊರಟು ಶ್ರೀರಂಗಪಟ್ಟಣದಲ್ಲಿ ಇಳಿಯಿರಿ, ಶನಿವಾರ ಕೋಟೆಯನ್ನೂ ನಾಲೆಯನ್ನೂ ನಡೆದು ನೋಡಿ, ಭಾನುವಾರ ಮೇಲುಕೋಟೆಯಿಂದ ನಾಗಮಂಗಲದ ಕಡೆಗೆ ಹೋಗಿ. ಊಟದ ಹೊತ್ತಿಗೆ ಹೆದ್ದಾರಿಗೆ ಓಡಬೇಡಿ, ಊರೊಳಗೆ ಬನ್ನಿ.